ಸ್ಯಾಂಟ್ರೋ ಎಂಜಿನ್ ಮಿಸ್ಸಿಂಗ್, ಸ್ಪಾರ್ಕ್ ವೀಕ್: ಪ್ಲಗ್ ಬದಲಾಯಿಸಿದರೂ ಹೋಗುತ್ತಿಲ್ಲ

ನಾಗರಭಾವಿ_ಸ್ಯಾಂಟ್ರೋ

ಎಲ್ಲರಿಗೂ ನಮಸ್ಕಾರ. ಅಪ್ಪನ 2007ರ ಸ್ಯಾಂಟ್ರೋ ಜಿಂಗ್ ಈಗ ನಾನು ಓಡಿಸುತ್ತಿದ್ದೇನೆ. ಪೆಟ್ರೋಲ್ ಗಾಡಿ, ಗ್ಯಾಸ್ ಕಿಟ್ ಹಾಕಿಲ್ಲ. ನಾಗರಭಾವಿಯಿಂದ ರಿಂಗ್ ರೋಡ್ ಹಿಡಿದು ಮಾನ್ಯತಾ ಕಡೆಗೆ ಹೋಗಬೇಕು. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಒಂದೇ ಸಮನೆ ಅಲುಗುತ್ತದೆ. ಗೊರಗುಂಟೆಪಾಳ್ಯ ದಾಟಿ ಹೆಬ್ಬಾಳ ಫ್ಲೈಓವರ್ ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತದೆ, ಪಿಕಪ್ ಸತ್ತೇ ಹೋಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮಳೆ ಬಂದ ಮರುದಿನ ಬೆಳಿಗ್ಗೆ ಇದೆಲ್ಲ ಜಾಸ್ತಿ. ಸೈಲೆನ್ಸರ್‌ನಿಂದ ಹಸಿ ಪೆಟ್ರೋಲ್ ವಾಸನೆ ಬರುತ್ತದೆ, ಮೈಲೇಜ್ ಕೂಡ ಬಿದ್ದಿದೆ.

ನಮ್ಮ ಏರಿಯಾದ ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬದಲಾಯಿಸಿದರು. ಸ್ವಲ್ಪ ದಿನ ಸರಿ ಇದ್ದ ಹಾಗೆ ಅನಿಸಿತು, ಮತ್ತೆ ಅದೇ ಕಥೆ. ಆಮೇಲೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಪ್ಲಗ್ ತೆಗೆದು ಎಂಜಿನ್ ಮೇಲೆ ಇಟ್ಟು ಸೆಲ್ಫ್ ಹೊಡೆದು, "ನೋಡಿ ಮೇಡಂ, ಕರೆಂಟ್ ಬರುತ್ತಿದೆ, ಇಗ್ನಿಷನ್ ಸರಿ ಇದೆ" ಎಂದು ತೋರಿಸಿದರು. ಈಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬದಲಾಯಿಸಬೇಕು, ಇಲ್ಲದಿದ್ದರೆ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಹೋಗಿರಬಹುದು ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಹಾಕುವ ಮುಂಚೆ ನಿಜವಾಗಿ ಏನಾಗಿದೆ ಎಂದು ತಿಳಿಯಬೇಕು. ಮನೆಯಲ್ಲಿ ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಬಿಟಿಎಂ_ಪೆಟ್ರೋಲ್

ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಹಳೇ ಗಾಡಿಗಳಿಗೆಲ್ಲ ಇದೇ ಗೋಳು ಮೇಡಂ. ಬಂಕ್ ಬದಲಾಯಿಸಿ ನೋಡಿ.

ಜಾಲಹಳ್ಳಿ_800

ಎಲ್ಲದಕ್ಕೂ ಇ20 ಮೇಲೆ ಹಾಕಿದರೆ ನಿಜವಾದ ಕಾರಣ ಸಿಗುವುದೇ ಇಲ್ಲ. 2023ರ ಫೆಬ್ರವರಿಯಲ್ಲಿ ಇ20 ಮಾರಾಟಕ್ಕೆ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಹಳೇ ಗಾಡಿಯ ರಬ್ಬರ್ ಪೈಪು, ಸೀಲುಗಳ ಬಗ್ಗೆ ಹುಷಾರಾಗಿರಬೇಕು ಅನ್ನುವುದನ್ನು ಒಪ್ಪುತ್ತೇನೆ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದೂ ನಿಜ. ಆದರೆ ಟ್ಯಾಂಕಿನಲ್ಲಿರುವ ಪೆಟ್ರೋಲ್ ನಾಲ್ಕೂ ಸಿಲಿಂಡರಿಗೂ ಒಂದೇ ಅಲ್ವಾ? ತೊಂದರೆ ಒಂದೇ ಸಿಲಿಂಡರಿನಲ್ಲಿ ಇದ್ದರೆ ಅದು ಬಂಕಿನ ತಪ್ಪಲ್ಲ.

ಮೇಡಂ, ಎರಡು ವಿಷಯ ಹೇಳಿ. ಒಂದು, ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟಾಗ ಯಾವ ಸಿಲಿಂಡರಿನದ್ದು ಹೇಗೆ ಕಾಣುತ್ತದೆ? ಎರಡು, ಇತ್ತೀಚೆಗೆ ಎಮಿಷನ್ ಟೆಸ್ಟ್ ಮಾಡಿಸಿದ್ದೀರಾ? ಆ ಚೀಟಿಯನ್ನು ಎಲ್ಲರೂ ಡ್ಯಾಶ್‌ಬೋರ್ಡ್‌ನಲ್ಲಿ ತುರುಕಿ ಮರೆತುಬಿಡುತ್ತಾರೆ, ಅದರಲ್ಲಿ ಒಳ್ಳೆ ಸುಳಿವು ಇರುತ್ತದೆ. ಪೆಟ್ರೋಲ್ ಜಾಸ್ತಿ ಹೋಗುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಪೆಟ್ರೋಲ್ ಸರಿಯಾಗಿ ಹೋಗಿ ಉರಿಯದೆ ಹಾಗೇ ಹೊರಗೆ ಬರುತ್ತಿದ್ದರೆ ಹೈಡ್ರೋಕಾರ್ಬನ್ ಏರುತ್ತದೆ, ಮಾನಾಕ್ಸೈಡ್ ಹೆಚ್ಚು ಕದಲುವುದಿಲ್ಲ. ನಿಮ್ಮದು ಬಿಎಸ್3 (ಭಾರತ್ ಸ್ಟೇಜ್ 3 ಹೊಗೆ ನಿಯಮದ) ಗಾಡಿ ಆಗಿರಬೇಕು, ಮಾನಾಕ್ಸೈಡ್ ಮಿತಿ 0.5 ಶೇಕಡಾ, ಹೈಡ್ರೋಕಾರ್ಬನ್ ಮಿತಿ 750 ಪಿಪಿಎಂ.

ನಾಗರಭಾವಿ_ಸ್ಯಾಂಟ್ರೋ

ಚೀಟಿ ಸಿಕ್ಕಿತು. ಮಾನಾಕ್ಸೈಡ್ 0.3, ಹೈಡ್ರೋಕಾರ್ಬನ್ 690. ಪಾಸ್ ಎಂದು ಬರೆದಿತ್ತು, ಹಾಗಾಗಿ ನಾನು ಗಮನ ಕೊಟ್ಟಿರಲಿಲ್ಲ. ಪ್ಲಗ್: ಒಂದು, ಎರಡು, ನಾಲ್ಕು ತಿಳಿ ಕಂದು ಬಣ್ಣ. ಮೂರನೆಯದು ಕಪ್ಪಗೆ ಒದ್ದೆ, ಪೆಟ್ರೋಲ್ ವಾಸನೆ.

ವಿಲ್ಸನ್‌ಗಾರ್ಡನ್_ಎಲೆಕ್ಟ್ರಿಷಿಯನ್

ನೋಡಮ್ಮ, ಮೂರನೇ ಪ್ಲಗ್ ಒದ್ದೆ ಇದೆ ಅಂದರೆ ಇಂಜೆಕ್ಟರ್ ತನ್ನ ಕೆಲಸ ಮಾಡುತ್ತಿದೆ. ಪೆಟ್ರೋಲ್ ಬಂದಿದೆ, ಉರಿದಿಲ್ಲ. ಸದ್ಯಕ್ಕೆ ಇಂಜೆಕ್ಟರ್ ಮಾತು ಬಿಡಿ. ಇಸಿಯು ಮಾತಂತೂ ಬೇಡವೇ ಬೇಡ.

ಈಗ ಆ ಪ್ಲಗ್ ಎಂಜಿನ್ ಮೇಲಿಟ್ಟು ತೋರಿಸಿದ ಟೆಸ್ಟ್. ಇದನ್ನು ನಂಬಿ ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹೊರಗಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ಸಂದಿಯನ್ನು ಸ್ಪಾರ್ಕ್ ಹಾರಲು ಸುಮಾರು 3,000 ವೋಲ್ಟ್ ಇದ್ದರೆ ಸಾಕು. ಅದೇ ಸಂದಿ ಸಿಲಿಂಡರ್ ಒಳಗೆ, ಗಾಳಿ ಪೆಟ್ರೋಲ್ ಮಿಶ್ರಣವನ್ನು ಒತ್ತಿ ಹಿಡಿದಾಗ, ಅದರ ಎಷ್ಟೋ ಪಟ್ಟು ವೋಲ್ಟೇಜ್ ಕೇಳುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಫ್ಲೈಓವರ್ ಹತ್ತುವಾಗ ಒಳಗಿನ ಒತ್ತಡ ಇನ್ನೂ ಜಾಸ್ತಿ. ಸುಮ್ನೆ ನಿಂತಾಗ ಹೇಗೋ ನಡೆಯುವ ಸ್ಪಾರ್ಕ್ ಹೆಬ್ಬಾಳದಲ್ಲಿ ಕೈಕೊಡುವುದು ಇದಕ್ಕೇ. ಹೊರಗೆ ಕಂಡ ಸ್ಪಾರ್ಕ್ ಏನನ್ನೂ ಸಾಬೀತು ಮಾಡುವುದಿಲ್ಲ. ಸಂದಿ ಹೆಚ್ಚು ಕಡಿಮೆ ಮಾಡಬಹುದಾದ ಸ್ಪಾರ್ಕ್ ಟೆಸ್ಟರ್ ಜೆ.ಸಿ. ರೋಡಿನಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ. ಆರೇಳು ಮಿಲಿಮೀಟರ್ ಸಂದಿಯನ್ನು ನೀಲಿ ಬಿಳಿ ಬಣ್ಣದಲ್ಲಿ ಚಟ್ ಚಟ್ ಶಬ್ದದ ಜೊತೆ ಹಾರಬೇಕು. ಹಳದಿ ಅಥವಾ ಕೆಂಪಾಗಿ, ಎಳೆ ಎಳೆಯಾಗಿ, ನಡುನಡುವೆ ತಪ್ಪುತ್ತಾ ಬಂದರೆ ವೀಕ್ ಎಂದು ಲೆಕ್ಕ.

ಸ್ಪಾರ್ಕ್ ಕರೆಂಟನ್ನು ಒಂದೊಂದೇ ಸಿಲಿಂಡರಿಗೆ ಹಂಚುವ ಡಿಸ್ಟ್ರಿಬ್ಯೂಟರ್ ನಿಮ್ಮ ಗಾಡಿಯಲ್ಲಿ ಇಲ್ಲ. ಸ್ಪಾರ್ಕ್‌ಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್ ಇರುತ್ತದಲ್ಲ, ಅದು ಒಂದು ಎರಡು ಸಿಲಿಂಡರಿಗೆ. ಒಂದು ಮತ್ತು ನಾಲ್ಕು ಜೋಡಿ, ಎರಡು ಮತ್ತು ಮೂರು ಜೋಡಿ. ಜೋಡಿಯ ಎರಡೂ ಪ್ಲಗ್‌ಗೆ ಒಂದೇ ಸಲ ಸ್ಪಾರ್ಕ್ ಬರುತ್ತದೆ, ಒಂದರದ್ದು ಕೆಲಸಕ್ಕೆ ಬರುತ್ತದೆ, ಇನ್ನೊಂದು ಹೊಗೆ ಹೊರಹೋಗುವ ಹೊತ್ತಿಗೆ ಸುಮ್ನೆ ಹಾರಿ ಹೋಗುತ್ತದೆ. ಕಾಯಿಲ್ಲೇ ಸತ್ತಿದ್ದರೆ ಎರಡೂ ಮೂರೂ ಒಟ್ಟಿಗೆ ಹೋಗಬೇಕಿತ್ತು. ಎರಡು ಚೆನ್ನಾಗಿದೆ, ಮೂರು ಮಾತ್ರ ಒದ್ದೆ. ಅಂದರೆ ಮೊದಲ ಅನುಮಾನ ಮೂರನೇ ಪ್ಲಗ್ ವೈರ್ ಮೇಲೆ, ಅಥವಾ ಆ ಪ್ಲಗ್ಗಿನ ಪಿಂಗಾಣಿ ಮೇಲೆ.

ಹೀಗೆ ಮಾಡಿ. ಎಂಜಿನ್ ಐಡ್ಲಿಂಗ್‌ನಲ್ಲಿ ಇಟ್ಟು ಇಂಜೆಕ್ಟರ್ ಕಪ್ಲರ್‌ಗಳನ್ನು (ವೈರ್ ಜೋಡಿಸುವ ಸಾಕೆಟ್) ಒಂದೊಂದಾಗಿ ತೆಗೆದು ಹಾಕಿ. ಯಾವುದನ್ನು ತೆಗೆದಾಗ ಶಬ್ದ ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಓಡುವ ಎಂಜಿನ್‌ನಲ್ಲಿ ಪ್ಲಗ್ ವೈರ್ ಮಾತ್ರ ಎಳೆಯಬೇಡಿ. ಹಳೇ ಕಾಲದಲ್ಲಿ ಎಲ್ಲರೂ ಎಳೆಯುತ್ತಿದ್ದರು, ಆದರೆ ಸ್ಪಾರ್ಕ್‌ಗೆ ಹೋಗಲು ದಾರಿ ಸಿಗದಿದ್ದರೆ ಕಾಯಿಲ್ ಒಳಗೇ ಒಡೆದುಕೊಂಡು ಹೋಗುತ್ತದೆ, ಕೈಗೂ ಹೊಡೆಯುತ್ತದೆ. ಪೇಸ್‌ಮೇಕರ್ ಇರುವವರು ಬಾನೆಟ್ ಹತ್ತಿರವೂ ಬರಬಾರದು.

ಆಮೇಲೆ ರಾತ್ರಿ ಲೈಟ್ ಆರಿಸಿ ಬಾನೆಟ್ ಎತ್ತಿ ನೋಡಿ. ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ಪ್ಲಗ್ ವೈರ್‌ಗಳ ಮೇಲೆ ತೆಳುವಾಗಿ ನೀರು ಸಿಂಪಡಿಸಿ. ಸೋರುತ್ತಿದ್ದರೆ ನೀಲಿ ಗೆರೆ ಕಾಣುತ್ತದೆ. ಫ್ಯಾನ್, ಬೆಲ್ಟ್‌ನಿಂದ ಕೈ, ಸೆರಗು, ದುಪಟ್ಟಾ ದೂರ ಇರಲಿ. ಜೋಳದ ಗಾತ್ರದ ಹನಿ ಸಾಕು, ಬಕೆಟ್ ಬೇಡ.

ಮಲ್ಲೇಶ್ವರ_ಪದ್ಮಿನಿ

ಮಧ್ಯೆ ಒಂದು ಮಾತು. ನನ್ನ ಹತ್ತಿರ ಪ್ರೀಮಿಯರ್ ಪದ್ಮಿನಿ ಇದೆ, ಅದರಲ್ಲಿ ಕಾಯಿಲ್ ಕರೆಂಟ್ ಕಡಿಯುವ ಪಾಯಿಂಟ್ ಮತ್ತು ಅದು ಸುಡದ ಹಾಗೆ ಕಾಯುವ ಕಂಡೆನ್ಸರ್. ಸ್ಪಾರ್ಕ್ ಹಳದಿಯಾಗಿ ವೀಕ್ ಬಂದು ಪಾಯಿಂಟ್ ಬೇಗ ಬೇಗ ಸುಟ್ಟುಹೋಗುತ್ತಿದ್ದರೆ ಮೊದಲು ಕಂಡೆನ್ಸರ್ ನೋಡಿ. ಅಂಬಾಸಿಡರ್ ಇರುವವರಿಗೂ ಇದೇ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಸಣ್ಣ ಕಪ್ಪು ಗೆರೆ ಇದ್ದರೆ ಕ್ಯಾಪ್ ಎಸೆಯಿರಿ. ಉಜ್ಜಿದರೆ ಆ ಗೆರೆ ಹೋಗುವುದಿಲ್ಲ, ಕರೆಂಟ್ ಅದೇ ದಾರಿ ಹಿಡಿಯುತ್ತದೆ.

ಮತ್ತೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ, ಲೋಹಕ್ಕೆ ತಾಗಿ ಉಂಗುರದ ಹಾಗೆ ಕಂದು ಬಣ್ಣ ಇದ್ದರೆ ಗಾಬರಿ ಬೇಡ, ಅದು ಮಾಮೂಲಿ. ಹೊಗೆ ಲೀಕ್ ಎಂದು ಹೇಳಿ ಪ್ಲಗ್ ಬದಲಾಯಿಸುವವರಿದ್ದಾರೆ. ಉದ್ದುದ್ದಕ್ಕೆ ಗೆರೆ ಇದ್ದರೆ ಮಾತ್ರ ಕರೆಂಟ್ ಹೊರಗಿನಿಂದ ಹಾರಿದೆ ಎಂದು ಅರ್ಥ. ಆಗ ಪ್ಲಗ್ ಮತ್ತು ವೈರಿನ ರಬ್ಬರ್ ಬೂಟ್ ಎರಡನ್ನೂ ಬದಲಾಯಿಸಬೇಕು. ಒಂದನ್ನು ಉಳಿಸಿದರೆ ಇನ್ನೊಂದು ಹಾಳಾಗುತ್ತದೆ.

ನಾಗರಭಾವಿ_ಸ್ಯಾಂಟ್ರೋ

ಅಣ್ಣ, ಕಂಡಿತು! ಸ್ಪ್ರೇ ಹೊಡೆದ ತಕ್ಷಣ ಮೂರನೇ ವೈರ್‌ನಿಂದ ಹತ್ತಿರದ ಬ್ರಾಕೆಟ್‌ಗೆ ನೀಲಿ ದಾರದ ಹಾಗೆ ಹಾರುತ್ತಿತ್ತು. ವೈರ್ ಅಲ್ಲಿ ಉಜ್ಜಿ ಉಜ್ಜಿ ಸವೆದಿದೆ. ಮೂರನೇ ಇಂಜೆಕ್ಟರ್ ಕಪ್ಲರ್ ತೆಗೆದಾಗಲೂ ಶಬ್ದದಲ್ಲಿ ಬದಲಾವಣೆ ಇರಲಿಲ್ಲ. ಪೂರ್ತಿ ವೈರ್ ಸೆಟ್ ಮತ್ತು ಮೂರನೇ ಪ್ಲಗ್ ಹೊಸದು ಹಾಕಿದೆ. ಗ್ಯಾಪ್ ಅಳತೆ ಪಟ್ಟಿಯಲ್ಲಿ ನೋಡಿದರೆ ಗ್ಯಾರೇಜಿನವರು ಹಾಕಿದ ಪ್ಲಗ್‌ಗಳಲ್ಲಿ ಒಂದೊಂದರ ಸಂದಿ ಒಂದೊಂದು ಥರ ಇತ್ತು, ಅದನ್ನೂ ಗಾಡಿ ಪುಸ್ತಕದ ಪ್ರಕಾರ ಸರಿ ಮಾಡಿದೆ.

ಐಡ್ಲಿಂಗ್ ಈಗ ಎಷ್ಟೋ ವಾಸಿ. ಆದರೆ ಹೆಬ್ಬಾಳ ಹತ್ತುವಾಗ ಜರ್ಕ್ ಇನ್ನೂ ಇದೆ. ಮುಂಚಿನಷ್ಟು ಇಲ್ಲ, ಪೂರ್ತಿ ಹೋಗಿಯೂ ಇಲ್ಲ. ಟೆಸ್ಟರ್ ಹಾಕಿ ನೋಡಿದೆ. ನಾಲ್ಕೂ ವೈರ್‌ನಲ್ಲಿ ಸ್ಪಾರ್ಕ್ ಹಳದಿ, ಸಂದಿ ಐದು ಮಿಲಿಮೀಟರ್ ದಾಟಿದರೆ ತಪ್ಪುತ್ತದೆ.

ಕೆಂಗೇರಿ_ಸ್ವಿಫ್ಟ್

ಅಕ್ಕ, ಹಾಗಾದರೆ ಕಾಯಿಲ್ ಹೋಗಿದೆ. ಶಿವಾಜಿನಗರ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಹಾಕಿಬಿಡಿ.

ಜಾಲಹಳ್ಳಿ_800

ಎರಡೂ ಕಾಯಿಲ್ ಒಂದೇ ಸಲ ಒಂದೇ ಥರ ವೀಕ್ ಆಗುವುದು ಅಪರೂಪ. ಓಮ್ ಅಳತೆ ನೋಡಿದಿರಾ ಮೇಡಂ? ಮತ್ತೆ, ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಯಾರಾದರೂ ಮಾಡಿದರೆ ನೆನಪಿಟ್ಟುಕೊಳ್ಳಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಇದೆ. ಇಲ್ಲಿ ಗಾಳಿಯೇ ತೆಳು, ಪುಸ್ತಕದ ಅಂಕಿಗಿಂತ ಸುಮಾರು ಶೇಕಡಾ 10 ಕಡಿಮೆ ಬರುವುದು ಸಹಜ. ಅದನ್ನೇ ತೋರಿಸಿ ಎಂಜಿನ್ ಬಿಚ್ಚಬೇಕು ಅಂದರೆ ಒಪ್ಪಬೇಡಿ. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇದೆಯಾ ಅನ್ನುವುದು ಮುಖ್ಯ.

ನಾಗರಭಾವಿ_ಸ್ಯಾಂಟ್ರೋ

ಕಾಯಿಲ್ ಅಳೆದೆ. ಎರಡರ ಪ್ರೈಮರಿಯೂ (ಬ್ಯಾಟರಿ ಕಡೆಯ ಸುತ್ತು) ಒಂದು ಓಮ್‌ಗಿಂತ ಸ್ವಲ್ಪ ಕಡಿಮೆ. ಪ್ಲಗ್ ವೈರ್ ಕೂರುವ ಎರಡು ಟವರ್ ನಡುವೆ ಸೆಕೆಂಡರಿ (ಪ್ಲಗ್ ಕಡೆಯ ಸುತ್ತು) 12 ಕಿಲೋ ಓಮ್ ಆಸುಪಾಸು. ಎರಡೂ ಕಾಯಿಲ್‌ಗೆ ಹೆಚ್ಚು ವ್ಯತ್ಯಾಸ ಇಲ್ಲ. ಕಾಯಿಲ್ ಕಪ್ಲರ್‌ನಲ್ಲಿ ಕೀ ಆನ್ ಮಾಡಿ ನೋಡಿದರೆ 12.4 ವೋಲ್ಟ್ ಬರುತ್ತಿದೆ. ಬ್ಯಾಟರಿಯಲ್ಲೂ ಅಷ್ಟೇ.

ವಿಲ್ಸನ್‌ಗಾರ್ಡನ್_ಎಲೆಕ್ಟ್ರಿಷಿಯನ್

ಈ 12.4 ನಂಬಬೇಡಿ. ನನಗೆ ಈ ಥ್ರೆಡ್‌ನಲ್ಲಿ ಹೇಳಬೇಕಾಗಿದ್ದು ಇದೇ ಮಾತು. ಒಂದು ಸಿಲಿಂಡರ್ ಮಾತ್ರ ಕೆಟ್ಟಿದ್ದರೆ ಆ ಸಿಲಿಂಡರಿನ ಪ್ಲಗ್, ವೈರ್ ನೋಡಬೇಕು. ನಾಲ್ಕರಲ್ಲೂ ಸ್ಪಾರ್ಕ್ ವೀಕ್ ಇದ್ದರೆ ನಾಲ್ಕಕ್ಕೂ ಸೇರಿದ್ದು ಯಾವುದು ಎಂದು ಹುಡುಕಬೇಕು. ಎರಡು ಕಾಯಿಲ್‌ಗೂ ಸೇರಿದ್ದು ಒಂದೇ: ಅವಕ್ಕೆ ಬರುವ ಕರೆಂಟಿನ ದಾರಿ.

ಮೀಟರ್ ಕುಡಿಯುವ ಕರೆಂಟ್ ಏನೇನೂ ಅಲ್ಲ. ಸಾವಿರ ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12.4 ಎಂದೇ ತೋರಿಸುತ್ತದೆ. ಕಾಯಿಲ್ ಆರೇಳು ಆಂಪಿಯರ್ ಎಳೆದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಹಾಗಾಗಿ ಲೋಡ್ ಹಾಕಿ ಅಳೆಯಿರಿ. ಹಳೇ ಹೆಡ್‌ಲೈಟ್ ಬಲ್ಬ್ 55 ವ್ಯಾಟ್‌ನದ್ದು ತೆಗೆದುಕೊಳ್ಳಿ. ಕಾಯಿಲ್ ಕಪ್ಲರ್ ಬಿಚ್ಚಿ, ಅದರ ಸಪ್ಲೈ ಪಿನ್‌ನಿಂದ ಬಲ್ಬಿಗೆ, ಬಲ್ಬಿನಿಂದ ಬ್ಯಾಟರಿ ಮೈನಸ್‌ಗೆ ವೈರ್ ಕೊಡಿ. ಎಂಜಿನ್ ಆಫ್, ಕೀ ಆನ್. ಬಲ್ಬ್ ಉರಿಯುತ್ತಿರುವಾಗ ಸಪ್ಲೈ ಪಿನ್‌ನಲ್ಲಿ ಎಷ್ಟು, ಬ್ಯಾಟರಿಯಲ್ಲಿ ಎಷ್ಟು ಎಂದು ಅಳೆಯಿರಿ. ಅರ್ಧ ವೋಲ್ಟ್ ಒಳಗೆ ವ್ಯತ್ಯಾಸ ಇದ್ದರೆ ದಾರಿ ಚೆನ್ನಾಗಿದೆ. ಬಲ್ಬ್ ಬೇಗ ಬಿಸಿ ಆಗುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ, ಅಳತೆ ಮುಗಿದ ತಕ್ಷಣ ತೆಗೆಯಿರಿ. ಇಸಿಯು ಕಡೆ ಹೋಗುವ ಪಿನ್‌ಗಳನ್ನು ಮುಟ್ಟಲೇಬೇಡಿ.

ಇನ್ನೊಂದು ವಿಷಯ. ಬ್ಯಾಟರಿ ವೋಲ್ಟೇಜ್ ಇಳಿದರೆ ಇಸಿಯು ಕಾಯಿಲ್‌ಗೆ ಸ್ವಲ್ಪ ಜಾಸ್ತಿ ಹೊತ್ತು ಕರೆಂಟ್ ಬಿಟ್ಟು ಸರಿದೂಗಿಸುತ್ತದೆ. ಆದರೆ ಅದು ನೋಡುವುದು ತನಗೆ ಬರುವ ವೋಲ್ಟೇಜನ್ನು. ತನಗೆ 14 ಬರುತ್ತಿದೆ, ಎಲ್ಲ ಚೆನ್ನಾಗಿದೆ ಎಂದುಕೊಂಡು ಮಾಮೂಲಿ ಹೊತ್ತೇ ಕೊಡುತ್ತದೆ. ಕಾಯಿಲ್‌ಗೆ ನಿಜವಾಗಿ ಸಿಗುವುದು ಹನ್ನೊಂದೋ ಹನ್ನೆರಡೋ. ಕಾಯಿಲ್‌ನಲ್ಲಿ ತುಂಬುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ, ಕರೆಂಟ್ ಶೇಕಡಾ 20 ಇಳಿದರೆ ಶಕ್ತಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಯಾವ ಎಚ್ಚರಿಕೆ ದೀಪವೂ ಹತ್ತುವುದಿಲ್ಲ. ಜನ ಕಾಯಿಲ್ ಮೇಲೆ ಕಾಯಿಲ್ ಹಾಕುತ್ತಾ ಇರುತ್ತಾರೆ. ಇದು ನೋಡಿ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕೆಂಗೇರಿ_ಸ್ವಿಫ್ಟ್

ಅಣ್ಣ, ಒಂದು ಡೌಟು. ಬಲ್ಬ್ ಯಾಕೆ? ಎಂಜಿನ್ ಓಡುವಾಗ ಕಾಯಿಲ್ ಪಿನ್ನಿಗೆ ಮೀಟರ್ ಇಟ್ಟರೆ ಆಗುವುದಿಲ್ಲವಾ?

ವಿಲ್ಸನ್‌ಗಾರ್ಡನ್_ಎಲೆಕ್ಟ್ರಿಷಿಯನ್

ಒಳ್ಳೆ ಪ್ರಶ್ನೆ. ಐಡ್ಲಿಂಗ್‌ನಲ್ಲಿ ಕಾಯಿಲ್ ಕರೆಂಟ್ ಎಳೆಯುವುದು ಪ್ರತಿ ಸುತ್ತಿಗೆ ಕೆಲವೇ ಮಿಲಿಸೆಕೆಂಡ್. ಉಳಿದ ಹೊತ್ತೆಲ್ಲ ಖಾಲಿ. ಸಾಮಾನ್ಯ ಮೀಟರ್ ಎಲ್ಲದರ ಸರಾಸರಿ ತೋರಿಸುತ್ತದೆ, ಆ ಕೆಲವು ಮಿಲಿಸೆಕೆಂಡ್‌ನಲ್ಲಿ ವೋಲ್ಟೇಜ್ ಕುಸಿದಿದ್ದು ಅದರಲ್ಲಿ ಮುಳುಗಿ ಹೋಗುತ್ತದೆ. ಆಸಿಲೋಸ್ಕೋಪ್ ಇದ್ದರೆ ಕಾಣುತ್ತದೆ. ಇಲ್ಲದವರಿಗೆ ಬಲ್ಬ್.

ನಾಗರಭಾವಿ_ಸ್ಯಾಂಟ್ರೋ

ಬಲ್ಬ್ ಹಾಕಿದೆ. ಬ್ಯಾಟರಿ 12.3, ಕಾಯಿಲ್ ಪಿನ್ 10.2. ಬಲ್ಬ್ ಕೂಡ ಮಂಕಾಗಿ ಉರಿಯಿತು. ಎರಡು ವೋಲ್ಟ್ ದಾರಿಯಲ್ಲೇ ಹೋಗುತ್ತಿದೆ.

ಎಲ್ಲಿ ಎಂದು ಹಿಂದಕ್ಕೆ ಹುಡುಕುತ್ತಾ ಹೋದೆ. ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್‌ವರೆಗೆ ಚೆನ್ನಾಗಿದೆ. ಇಗ್ನಿಷನ್ ಸ್ವಿಚ್‌ಗೆ ಬರುವ ಕಡೆಯೂ ಚೆನ್ನಾಗಿದೆ. ಸ್ವಿಚ್ ದಾಟಿದ ಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಕಪ್ಪು ಟೇಪಿನ ಗಂಟು ಸಿಕ್ಕಿತು. ಅಪ್ಪ ಗಾಡಿ ತಗೊಂಡ ಹೊಸದರಲ್ಲಿ ಒಂದು ಆಕ್ಸೆಸರಿ ಅಂಗಡಿಯಲ್ಲಿ ಸೈರನ್ ಇರುವ ರಿಮೋಟ್ ಲಾಕ್ ಹಾಕಿಸಿದ್ದರು. ಕಳ್ಳ ಸ್ಟಾರ್ಟ್ ಮಾಡದ ಹಾಗೆ ಇಗ್ನಿಷನ್ ವೈರ್ ಕತ್ತರಿಸಿ ನಡುವೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಕೂರಿಸಿದ್ದಾರೆ. ಸೈರನ್ ಯಾವಾಗಲೋ ಕೆಟ್ಟು ಹೋಗಿದೆ. ರಿಲೇ ಮಾತ್ರ ಅಲ್ಲೇ ಇದೆ. ಬಲ್ಬ್ ಉರಿಯುವಾಗ ರಿಲೇಯ ಎರಡು ಕಡೆ ಮೀಟರ್ ಇಟ್ಟರೆ 1.7 ವೋಲ್ಟ್. ಮುಟ್ಟಿದರೆ ಬೆಚ್ಚಗಿತ್ತು. ವೈರ್ ಬೆಸುಗೆ ಇಲ್ಲದೆ ಬರೀ ತಿರುಚಿ ಟೇಪ್ ಸುತ್ತಿದ್ದರು, ತಾಮ್ರ ಹಸಿರಾಗಿದೆ.

ವಿಲ್ಸನ್‌ಗಾರ್ಡನ್_ಎಲೆಕ್ಟ್ರಿಷಿಯನ್

ಸಿಕ್ಕಿತಲ್ಲ, ಶಭಾಷ್! ಬ್ಯಾಟರಿ ಮೈನಸ್ ಬಿಚ್ಚಿ ಕೆಲಸ ಮಾಡಿ. ರಿಲೇ ತೆಗೆದು, ಹಸಿರಾದ ತಾಮ್ರವನ್ನು ಹೊಳೆಯುವ ಜಾಗದವರೆಗೂ ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ. ಕಬ್ಬಿಣದ ಅಂಚಿಗೆ ತಾಗದ ಹಾಗೆ ಕಟ್ಟಿ. ಫ್ಯೂಸ್ ಇದ್ದಷ್ಟೇ ಇರಲಿ, ದೊಡ್ಡದು ಹಾಕಬೇಡಿ. ಮತ್ತೆ ಬಲ್ಬ್ ಟೆಸ್ಟ್ ಮಾಡಿ. ಉಳಿದ 0.4 ಹಳೇ ಕಪ್ಲರ್, ಸ್ವಿಚ್‌ನಲ್ಲಿ ಹೋಗುವುದು, ಅದು ಪರವಾಗಿಲ್ಲ.

ಬೆಳ್ಳಂದೂರು_ಬಿಎಸ್6

ಇಲ್ಲೇ ಕೇಳಿಬಿಡುತ್ತೇನೆ. ನನ್ನದು ಬಿಎಸ್6 ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮಳೆಯಲ್ಲಿ ರಸ್ತೆ ತುಂಬ ನಿಂತಿದ್ದ ನೀರಿನಲ್ಲಿ ಬಂದ ಮೇಲೆ ಚೆಕ್ ಎಂಜಿನ್ ದೀಪ ಮಿನುಗುತ್ತಿದೆ. ಬ್ಲೂಟೂತ್ ಸ್ಕ್ಯಾನರ್‌ನಲ್ಲಿ ಪಿ0302 ಎಂಬ ದೋಷದ ಕೋಡ್ ಬಂತು. ಪ್ಲಗ್ ವೈರೇ ಕಾಣುತ್ತಿಲ್ಲ. ಹೇಗೆ ನೋಡುವುದು?

ಜಾಲಹಳ್ಳಿ_800

ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪಿ0300 ಬಂದಿದ್ದರೆ ಯಾವುದು ಎಂದು ನಿರ್ದಿಷ್ಟವಾಗಿ ಗೊತ್ತಿಲ್ಲ ಎಂದು ಅರ್ಥ. ದೀಪ ಮಿನುಗುತ್ತಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ ಸಾರ್. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕೆಂಪಗೆ ಕಾದು ಒಳಗೆ ಕರಗುತ್ತದೆ. ಅದರ ಬೆಲೆ ಕೇಳಿದರೆ ಕಾಯಿಲ್ ಬೆಲೆ ಏನೂ ಅನಿಸುವುದಿಲ್ಲ.

ನಿಮ್ಮದರಲ್ಲಿ ಒಂದೊಂದು ಪ್ಲಗ್ಗಿನ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಎರಡನೇ ಕಾಯಿಲ್ ಎತ್ತಿ ಪ್ಲಗ್ಗಿನ ಗುಂಡಿಯಲ್ಲಿ ನೀರು ಅಥವಾ ಆಯಿಲ್ ನಿಂತಿದೆಯಾ ನೋಡಿ. ನೀರಿದ್ದರೆ ಗಾಳಿ ಹೊಡೆದು ಒಣಗಿಸಿ. ಸರ್ವೀಸ್‌ನಲ್ಲಿ ಎಂಜಿನ್ ಮೇಲೆ ಪ್ರೆಷರ್ ನೀರು ಹೊಡೆದಾಗಲೂ ಹೀಗೇ ಆಗುತ್ತದೆ. ಒಣಗಿಸಿದರೂ ಹೋಗದಿದ್ದರೆ ಎರಡನೇ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ಕೋಡ್ ಅಳಿಸಿ. ಈಗ ಪಿ0303 ಬಂದರೆ ಕಾಯಿಲ್. ಪಿ0302 ಅಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ ನೋಡಿ, ಆಮೇಲೆ ಇಂಜೆಕ್ಟರ್. ಒಂದು ಸಲಕ್ಕೆ ಒಂದೇ ಬದಲಾವಣೆ.

2010ಕ್ಕೂ ಹಳೇ ಗಾಡಿಗಳಿಗೆ ಈ ಸ್ಕ್ಯಾನರ್ ಕೆಲಸ ಮಾಡುತ್ತದೆ ಎಂದು ಗ್ಯಾರಂಟಿ ಇಲ್ಲ. ನಮ್ಮಲ್ಲಿ ಒಬಿಡಿ, ಅಂದರೆ ಗಾಡಿ ತನ್ನ ದೋಷ ತಾನೇ ಪತ್ತೆ ಹಚ್ಚುವ ವ್ಯವಸ್ಥೆ, ಕಡ್ಡಾಯ ಆಗಿದ್ದು 2010ರ ಏಪ್ರಿಲ್‌ನಿಂದ, ಅದರ ಎರಡನೇ ಹಂತ 2013ರಲ್ಲಿ.

ಬೆಳ್ಳಂದೂರು_ಬಿಎಸ್6

ಗುಂಡಿಯಲ್ಲಿ ನೀರಿತ್ತು. ಬೂಟ್ ಒಳಗೆಲ್ಲ ತುಕ್ಕು. ಒಣಗಿಸಿದ ಮೇಲೂ ಮಿಸ್ ಇತ್ತು, ಅದಲು ಬದಲು ಮಾಡಿದಾಗ ಪಿ0303 ಬಂತು. ಕಾಯಿಲ್ ಆರ್ಡರ್ ಮಾಡಿದ್ದೇನೆ, ಅಲ್ಲಿಯವರೆಗೆ ಮೆಟ್ರೋ. ತುಂಬ ಉಪಕಾರ ಆಯಿತು ಸಾರ್.

ನಾಗರಭಾವಿ_ಸ್ಯಾಂಟ್ರೋ

ರಿಲೇ ತೆಗೆದು ಬೆಸುಗೆ ಹಾಕಿಸಿದೆ. ಬಲ್ಬ್ ಹಾಕಿದಾಗ ಕಾಯಿಲ್ ಪಿನ್ 11.9. ಟೆಸ್ಟರ್‌ನಲ್ಲಿ ಎಂಟು ಮಿಲಿಮೀಟರ್ ಕೂಡ ನೀಲಿಯಾಗಿ ಹಾರುತ್ತಿದೆ, ಶಬ್ದವೇ ಬೇರೆ. ಹೆಬ್ಬಾಳ ಮೂರನೇ ಗೇರಿನಲ್ಲೇ ಹತ್ತುತ್ತದೆ, ಜರ್ಕ್ ಇಲ್ಲ. ಎಮಿಷನ್ ಮತ್ತೆ ಮಾಡಿಸಿದೆ: ಹೈಡ್ರೋಕಾರ್ಬನ್ 140. ಎಕ್ಸಾಸ್ಟ್ ವಾಸನೆಯೂ ಹೋಗಿದೆ. ಇಷ್ಟು ದಿನ ಹಸಿ ಪೆಟ್ರೋಲ್ ಹೋಗಿದ್ದಕ್ಕೆ ಕನ್ವರ್ಟರ್ ಹಾಳಾಗಿರಬಹುದಾ ಎಂದು ಒಂದು ಭಯ ಇದೆ ಅಣ್ಣ.

ವಿಲ್ಸನ್‌ಗಾರ್ಡನ್_ಎಲೆಕ್ಟ್ರಿಷಿಯನ್

140 ಬಂದಿದೆ ಅಂದರೆ ಭಯ ಬೇಡಮ್ಮ. ಒಳಗೆ ಕರಗಿ ಅಡ್ಡ ಕಟ್ಟಿಕೊಂಡಿದ್ದರೆ ಹೈ ಸ್ಪೀಡ್‌ನಲ್ಲಿ ಎಂಜಿನ್ ಉಸಿರು ಕಟ್ಟುತ್ತದೆ, ಪಿಕಪ್ ಬರುವುದಿಲ್ಲ. ಒಂದು ಸಲ ತುಮಕೂರು ರೋಡಿನಲ್ಲಿ ನಾಲ್ಕನೇ ಗೇರಿನಲ್ಲಿ ಚೆನ್ನಾಗಿ ಎಳೆಸಿ ನೋಡಿ. ತಣ್ಣಗಿರುವಾಗ ಕನ್ವರ್ಟರ್‌ಗೆ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಅಂದರೆ ಒಡೆದಿದೆ. ಶಬ್ದ ಇಲ್ಲದಿದ್ದರೆ ಹಾಗೇ ಓಡಿಸಿ. ಹೊಸ ಪ್ಲಗ್ ವೈರ್ ಆ ಬ್ರಾಕೆಟ್‌ಗೆ ಮತ್ತೆ ತಾಗದ ಹಾಗೆ ಕ್ಲಿಪ್ ಹಾಕಿದ್ದೀರಾ?

ನಾಗರಭಾವಿ_ಸ್ಯಾಂಟ್ರೋ

ಹಾಕಿದ್ದೇನೆ. ತಟ್ಟಿ ನೋಡಿದೆ, ಶಬ್ದ ಇಲ್ಲ.